ಇಟಲಿಗೆ ಮೊದಲ ಸಲ ಹೊರಟಿದ್ದೀರಾ? ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕಡಿಮೆ ರಜೆಯಲ್ಲಿ ಇಟಲಿ ನೋಡಲು ಹೊರಟಿದ್ದರೆ, ಏಜೆಂಟ್ ಕೊಟ್ಟ ಪ್ಲಾನನ್ನು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಓದಿ. ಯಾವ ದಿನ ಯಾವ ಊರು ಅಂತ ನೋಡಿದರೆ ಸಾಲದು, ಅವತ್ತು ಯಾವ ವಾರ ಅಂತಲೂ ನೋಡಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಹೋದವರು ನಾನು, ನನ್ನ ಯಜಮಾನರು, ಮಗಳು ಮತ್ತು ನಮ್ಮತ್ತೆ. ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್ ಎಲ್ಲವನ್ನೂ ಒಂದು ವಾರದೊಳಗೆ ತುರುಕಿದ್ದರು. "ಎಲ್ಲಾ ಕವರ್ ಆಗುತ್ತೆ ಮೇಡಂ" ಅಂತ ಬೆಂಗಳೂರಿನ ಏಜೆಂಟ್ ಭರವಸೆ ಕೊಟ್ಟರು. ವೀಸಾಗೆ ಬುಕಿಂಗ್ ತೋರಿಸಬೇಕು ಅಂತ ಅವಸರ ಮಾಡಿ ಮ್ಯೂಸಿಯಂ ಟಿಕೆಟ್ಟುಗಳ ದುಡ್ಡನ್ನೂ ಸೇರಿಸಿ ಪೂರ್ತಿ ಕಟ್ಟಿಸಿಕೊಂಡರು. ವೀಸಾಗೆ ವಿಮಾನ, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್ ಕೇಳುತ್ತಾರೆ, ನಿಜ. ಮ್ಯೂಸಿಯಂ ಟಿಕೆಟ್ ಯಾರೂ ಕೇಳುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು ರೋಮಿನ ಪ್ರಾಚೀನ ಕ್ರೀಡಾಂಗಣ ಕೊಲೊಸಿಯಂನಲ್ಲಿ. 2023ರಿಂದ ಅಲ್ಲಿನ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಇರಬೇಕು, ಅದು ಪಾಸ್‌ಪೋರ್ಟಿಗೆ ಹೊಂದಬೇಕು. ನಮ್ಮ ನಾಲ್ಕೂ ಟಿಕೆಟ್ಟುಗಳಲ್ಲಿ ಯಜಮಾನರ ಹೆಸರೇ ಇತ್ತು. ಗೇಟಿನಲ್ಲಿದ್ದ ಹುಡುಗಿ ಅತ್ತೆಯವರ ಪಾಸ್‌ಪೋರ್ಟ್ ತೆರೆದು, ಟಿಕೆಟ್ ಮೇಲಿನ ಹೆಸರಿನ ಮೇಲೆ ಬೆರಳಿಟ್ಟು ಆಗಲ್ಲ ಅಂತ ತಲೆಯಾಡಿಸಿದಳು. ಯಜಮಾನರು ಮಾತ್ರ ಒಳಗೆ ಹೋಗಬಹುದು, ಅಷ್ಟೇ. ಆಗ ಅಲ್ಲಿ ಸಂಜೆ ಐದು, ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಏಜೆಂಟ್ ಆಫೀಸ್ ಬಾಗಿಲು ಹಾಕಿತ್ತು, ಫೋನ್ ಯಾರೂ ಎತ್ತಲಿಲ್ಲ. ಕೌಂಟರಿನಲ್ಲಿ ಅವತ್ತಿನ ಟಿಕೆಟ್ ಖಾಲಿ. ಎಪ್ಪತ್ತು ದಾಟಿದ ಅತ್ತೆ ಬಿಸಿಲಲ್ಲಿ ಅಷ್ಟು ಹೊತ್ತು ನಿಂತು, ಹೊರಗಿನ ಗೋಡೆ ನೋಡಿಕೊಂಡು ವಾಪಸ್ ಬಂದರು. ಇವತ್ತಿಗೂ ನನಗೆ ಸಿಟ್ಟು ಇಳಿದಿಲ್ಲ.

ಮರುದಿನ ಭಾನುವಾರ. ಪ್ಲಾನಿನಲ್ಲಿ ವ್ಯಾಟಿಕನ್ ಮ್ಯೂಸಿಯಂ ಇತ್ತು. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಅದು ಮುಚ್ಚಿರುತ್ತದೆ. ಮೈಕೆಲೇಂಜೆಲೊ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ ಇರುವುದು ಅದರೊಳಗೇ, ಹಾಗಾಗಿ ಅದೂ ಇಲ್ಲ. ಸೋಮವಾರ ಫ್ಲಾರೆನ್ಸ್. ಅಲ್ಲಿನ ಹೆಸರಾಂತ ಚಿತ್ರಕಲಾ ಮ್ಯೂಸಿಯಂ ಉಫಿಜಿಗೂ, ಮೈಕೆಲೇಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾಗೂ ಸೋಮವಾರವೇ ರಜೆ! ಇವೆಲ್ಲ ಆ ಮ್ಯೂಸಿಯಂಗಳ ವೆಬ್‌ಸೈಟಿನಲ್ಲೇ ಇರುವ ವಿಷಯ. ದುಡ್ಡು ತಗೊಂಡು ಪ್ಲಾನ್ ಮಾಡುವವರು ಇಷ್ಟಾದರೂ ನೋಡಬೇಡವಾ? ಫ್ಲಾರೆನ್ಸಿನಲ್ಲಿ ಮಾರನೇ ದಿನ ಉಳಿಯೋಣ ಅಂದರೆ ಬೆಳಿಗ್ಗೆಯೇ ವೆನಿಸ್ ರೈಲು. ಚಿತ್ರ ಬಿಡಿಸುವ ಮಗಳು ಉಫಿಜಿಗೆ ಅಂತಲೇ ಬಂದಿದ್ದಳು.

"ವೆನಿಸ್ ಹೋಟೆಲ್" ಇದ್ದದ್ದು ಮೆಸ್ಟ್ರೆಯಲ್ಲಿ. ಅದು ನೀರಿನಾಚೆಯ ದಡದ ಊರು, ದ್ವೀಪಕ್ಕೆ ಮತ್ತೆ ರೈಲು ಹತ್ತಬೇಕು. ಬಾಡಿಗೆ ಕಡಿಮೆ ಅಂತ ಉಳಿಯುವವರು ಉಳಿಯಲಿ, ಆದರೆ ಮೊದಲೇ ಹೇಳಬೇಕಲ್ವಾ?

ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಸಾಕು. ಆದರೆ ರೂಮ್ ಖಾಲಿ ಮಾಡಿ, ಲಗೇಜ್ ಎಳೆದುಕೊಂಡು ಸ್ಟೇಷನ್ ಸೇರಿ, ಇಳಿದು ಮತ್ತೆ ಹೋಟೆಲ್ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಐದಾರು ದಿನ ಮಾತ್ರ ಇದ್ದರೆ ರೋಮ್ ಮತ್ತು ಫ್ಲಾರೆನ್ಸ್, ಅಷ್ಟೇ ಇಟ್ಟುಕೊಳ್ಳಿ. ನಾಲ್ಕು ಊರು ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಒಪ್ಪಬೇಡಿ.

ವಾಪಸ್ ಬಂದು ದುಡ್ಡು ಕೇಳಿದರೆ, ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ "ಲಭ್ಯತೆಗೆ ಒಳಪಟ್ಟು" ಅನ್ನುವ ಸಾಲು ತೋರಿಸಿದರು. ಒಂದು ರೂಪಾಯಿಯೂ ಬಂದಿಲ್ಲ.

ಕೊಲೊಸಿಯಂ ಟಿಕೆಟ್ ಅಲ್ಲಿನ ಅಧಿಕೃತ ಸೈಟಿನಲ್ಲಿ ಒಂದು ತಿಂಗಳು ಮೊದಲು ಬಿಡುತ್ತಾರೆ, ಸುಮ್ನೆ ನೀವೇ ತಗೊಳ್ಳಿ. ಏಜೆಂಟ್ ಮೂಲಕವೇ ಹೋಗುವುದಾದರೆ ಎಲ್ಲರ ಹೆಸರಿರುವ ಟಿಕೆಟ್ಟುಗಳನ್ನು ಹೊರಡುವ ಮೊದಲೇ ಕೈಗೆ ತರಿಸಿಕೊಳ್ಳಿ. ಹೋಟೆಲಿನ ಪೂರ್ತಿ ವಿಳಾಸವನ್ನೂ, ಅವರ ತಪ್ಪಿನಿಂದ ಯಾವುದಾದರೂ ಜಾಗ ತಪ್ಪಿದರೆ ಎಷ್ಟು ದುಡ್ಡು ವಾಪಸ್ ಅನ್ನುವುದನ್ನೂ ಬರಹದಲ್ಲಿ ಕೇಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೂಡ ಕಟ್ಟಬೇಡಿ.