ರಂಜಕ ಹಿಡಿಯುವ ಫಿಲ್ಟರ್: ಕೆಲಸ ಪಕ್ಕಾ, ಆದರೆ ಪಿಎಚ್ ವಿಷಯ ಯಾರೂ ಹೇಳಲ್ಲ

ಕೊಳೆ ನೀರಿನಿಂದ ರಂಜಕ (ಫಾಸ್ಫರಸ್) ಹಿಡಿಯುವ ಈ ಡ್ರಮ್ ಫಿಲ್ಟರ್ ಹಾಕಿಸಬೇಕು ಅಂತಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡ್ರಮ್ಮಿಗೆ ಹೊಸ ಹರಳು ತುಂಬಿದ ಮೇಲೆ ಹೊರಗೆ ಬರುವ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಸಮ) 11, 12ರ ತನಕ ಏರುತ್ತದೆ. ಅಂದರೆ ಅದು ಸುಣ್ಣದ ತಿಳಿನೀರೇ. ಚೀಲದ ಮೇಲೆ ಎಷ್ಟು ಕಿಲೋ, ಎಷ್ಟು ಲೀಟರ್, ಎಷ್ಟು ವರ್ಷ ಅಂತೆಲ್ಲ ದೊಡ್ಡದಾಗಿ ಬರೆದಿದ್ದಾರೆ, ಇದೊಂದು ಮಾತ್ರ ಎಲ್ಲೂ ಇಲ್ಲ.

ನಮ್ಮದು ಕೋಲಾರದ ಹತ್ತಿರದ ಊರು. ಸೀಮೆಹಸು, ಹಿಪ್ಪುನೇರಳೆ, ಒಂದಿಷ್ಟು ಟೊಮೇಟೊ. ಬಚ್ಚಲ ನೀರು, ಕೊಟ್ಟಿಗೆ ತೊಳೆದ ನೀರು ಎಲ್ಲ ಸೇರಿ ಕೃಷಿ ಹೊಂಡಕ್ಕೆ ಹೋಗುತ್ತದೆ, ಅಲ್ಲಿಂದ ಡ್ರಿಪ್‌ಗೆ. ಬೇಸಿಗೆ ಬಂತು ಅಂದರೆ ಹೊಂಡ ಪೂರ್ತಿ ಹಸಿರು. ಡ್ರಿಪ್ಪಿನ ತೂತುಗಳಲ್ಲಿ ಪಾಚಿ ಕಟ್ಟಿಕೊಂಡು, ನನ್ನ ತಮ್ಮ ಸೂಜಿ ಹಿಡಿದು ಸಾಲು ಸಾಲು ಚುಚ್ಚಿಕೊಂಡು ಹೋಗಬೇಕಿತ್ತು. ಪಾಚಿಗೆ ಮೇವು ಸಗಣಿ ಮತ್ತು ಸೋಪಿನ ನೀರಿನ ರಂಜಕ. 1 ಗ್ರಾಂ ರಂಜಕ ಸಿಕ್ಕರೆ ಸುಮಾರು 100 ಗ್ರಾಂ ಒಣ ಪಾಚಿ ಬೆಳೆಯಬಲ್ಲದು. 2018ರಿಂದ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿದ ನೀರು, ನಮ್ಮ ಕಡೆಯ ಕೆರೆಗಳಿಗೆ ಬರುತ್ತಿದೆ. ಅದು ಎರಡು ಹಂತ ಶುದ್ಧಿಯಾದ ನೀರು, ಮೂರನೇ ಹಂತವೂ ಆಗಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಎರಡು ಹಂತದಲ್ಲಿ ರಂಜಕ ಪೂರ್ತಿ ಹೋಗಲ್ಲ. ಕೆರೆಯದ್ದು ನನ್ನ ಕೈಯಲ್ಲಿಲ್ಲ, ಮನೆ ನೀರಿನದ್ದು ಇದೆ ಅಲ್ವಾ?

ಇದು ಮರಳಿನ ಫಿಲ್ಟರ್ ತರ ಸುಮ್ನೆ ಸೋಸುವುದಲ್ಲ. ಡ್ರಮ್ಮಿನೊಳಗೆ ಇರುವುದು ಸುಟ್ಟ ಸುಣ್ಣಗಲ್ಲಿನ ಜಾತಿಯ ಹರಳು. ಸ್ವೀಡನ್‌ನ ಮನೆಗಳಲ್ಲಿ ಬಳಸುವ ಪೋಲೋನೈಟ್ ಕೂಡ ಇದೇ ಬಗೆಯದು, ಪೋಲೆಂಡಿನ ಓಪೋಕಾ ಎಂಬ ಕಲ್ಲನ್ನು ಸುಟ್ಟು ಮಾಡುತ್ತಾರೆ. ನೀರು ಹಾಯುವಾಗ ಹರಳಿನಿಂದ ಕ್ಯಾಲ್ಸಿಯಂ ಬಿಡುತ್ತದೆ, ಪಿಎಚ್ ಏರುತ್ತದೆ, ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಹರಳಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಪಿಎಚ್ ಏರುವುದು ಅದರ ದೋಷ ಅಲ್ಲ, ಅದರಿಂದಲೇ ಕೆಲಸ ಆಗುವುದು. ಇದು ನನಗೆ ಆಮೇಲೆ ಓದಿ ತಿಳಿದದ್ದು.

ಓದುವ ಮೊದಲೇ ಹೊಂಡದ ಕಾಟ್ಲಾ ಮರಿಗಳು ತೇಲಿದವು. ಗಂಜಲದ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಪಿಎಚ್ 9 ದಾಟಿದರೆ ಅದರಲ್ಲಿ ದೊಡ್ಡ ಪಾಲು ಮೀನಿಗೆ ವಿಷವಾಗುವ ರೂಪಕ್ಕೆ ತಿರುಗುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ "ಹೊಸದರಲ್ಲಿ ಹಂಗೇ ಸಾರ್, ಆಮೇಲೆ ಸರಿಹೋಗುತ್ತೆ" ಅಂದರು. ಗೊತ್ತಿದ್ದೂ ಹೇಳಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಸಿಟ್ಟು. ಒಂದು ಸಾಲು ಅಚ್ಚು ಹಾಕಿಸಿದ್ದರೆ ಆ ಮರಿಗಳು ಉಳಿಯುತ್ತಿದ್ದವು.

ಡ್ರಮ್ ಕಿತ್ತು ಬಿಸಾಕೋಣ ಅಂತಲೂ ಅನ್ನಿಸಿತ್ತು. ಆದರೆ ನೀರು ನೋಡಿದರೆ ಮನಸ್ಸು ಬರಲಿಲ್ಲ. ವಾರಕ್ಕೊಮ್ಮೆ ನಾನೂ ನನ್ನ ಮಗಳೂ ಕಟ್ಟೆ ಮೇಲೆ ಕೂತು ಕಿಟ್ಟಿನಿಂದ ರಂಜಕದ ಪರೀಕ್ಷೆ ಮಾಡುತ್ತೇವೆ, ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಎರಡು ಗಾಜಿನ ನಳಿಗೆ, ಒಂದರಲ್ಲಿ ಒಳಗೆ ಹೋಗುವ ನೀರು, ಇನ್ನೊಂದರಲ್ಲಿ ಹೊರಗೆ ಬರುವ ನೀರು. ಕಿಟ್ಟಿನ ಹನಿ ಬಿಟ್ಟು ಅಲ್ಲಾಡಿಸಿ ಸ್ವಲ್ಪ ಹೊತ್ತು ಕಾಯಬೇಕು. ಒಳಗೆ ಹೋಗುವುದು ಬಿಳಿ ಪಂಚೆಗೆ ಹಾಕುವ ನೀಲಿ ಕಲಸಿದ ಹಾಗೆ ಕಡುನೀಲಿ ಆಗುತ್ತದೆ. ಹೊರಗೆ ಬರುವುದರಲ್ಲಿ ಬಣ್ಣ ಇದೆಯೋ ಇಲ್ಲವೋ ಅಂತ ಹಿಂದೆ ಬಿಳಿ ಹಾಳೆ ಹಿಡಿದು ನೋಡಬೇಕು. ಮಗಳು ಎರಡನ್ನೂ ಬಿಸಿಲಿಗೆ ಎತ್ತಿ ಹಿಡಿದಾಗ ನನಗೆ ಆಗುವ ಖುಷಿ ದೊಡ್ಡದು.

ಪಿಎಚ್‌ಗೆ ನಾವು ಮಾಡಿಕೊಂಡ ದಾರಿ ಸುಲಭ. ಡ್ರಮ್ಮಿನಿಂದ ಹೊಂಡಕ್ಕೆ ನಡುವೆ ಕಡಪ ಕಲ್ಲಿನ ಮೆಟ್ಟಿಲು ಇಟ್ಟೆವು. ನೀರು ತೆಳ್ಳಗೆ ಹರಡಿ ಇಳಿಯುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಇಳಿಯುತ್ತದೆ, ಕಲ್ಲಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಚೂರು ಚೂರಾಗಿ ಏಳುತ್ತದೆ. ಹೊಂಡಕ್ಕೆ ಬಿಡುವ ಮೊದಲು ಪಿಎಚ್ ಕಾಗದ ಅದ್ದಿ ನೋಡುವುದನ್ನು ಮಾತ್ರ ಈಗಲೂ ಬಿಟ್ಟಿಲ್ಲ. ಡ್ರಿಪ್ ಚುಚ್ಚುವ ಕೆಲಸ ತುಂಬಾ ಕಡಿಮೆಯಾಗಿದೆ.

ಡ್ರಮ್ಮಿಗೆ ಮುಂಚೆ ಸಗಣಿ ತಳಕ್ಕೆ ಕೂರುವ ತೊಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಹರಳಿನ ನಡುವೆ ಲೋಳೆ ಕಟ್ಟಿ ನೀರು ನಿಂತುಬಿಡುತ್ತದೆ. ದಿನ ಕಳೆದ ಹಾಗೆ ಪಿಎಚ್ ತಾನಾಗಿಯೇ ಇಳಿಯುತ್ತದೆ, ಜೊತೆಗೆ ರಂಜಕ ಹಿಡಿಯುವುದೂ ಕಡಿಮೆಯಾಗುತ್ತದೆ. ಹೊರಗಿನ ನಳಿಗೆಯಲ್ಲಿ ನೀಲಿ ಜಾಸ್ತಿಯಾಯಿತು ಅಂದರೆ ಹರಳು ಬದಲಿಸುವ ಕಾಲ. ಚೀಲದ ಮೇಲಿನ ವರ್ಷದ ಲೆಕ್ಕ ನಂಬಬೇಡಿ, ಕೊಟ್ಟಿಗೆ ನೀರಿಗೆ ಅದು ಅಷ್ಟು ದಿನ ಬರಲ್ಲ. ಒಂದು ಸಲ ತುಂಬಿಸುವುದಕ್ಕೆ ಹಾಲಿನ ಒಂದು ಬಟವಾಡೆ ಪೂರ್ತಿ ಹೋಗುತ್ತದೆ, ನಮ್ಮಂಥವರಿಗೆ ಅದು ಭಾರವೇ.

ಆ ಭಾರ ಸ್ವಲ್ಪ ಇಳಿಸಿದ್ದು ಹಳೇ ಹರಳು. ರಂಜಕ ಅದರಲ್ಲೇ ಇದೆ, ಸುಣ್ಣವೂ ಇದೆ. ಮಣ್ಣು ಪರೀಕ್ಷೆಯಲ್ಲಿ ನಮ್ಮ ಕೆಂಪು ಮಣ್ಣು ಹುಳಿ ಅಂತ ಬಂದಿತ್ತು, ಹಾಗಾಗಿ ಒಣಗಿಸಿ, ಪುಡಿ ಮಾಡಿ, ಗೊಬ್ಬರದ ಜೊತೆ ಹಿಪ್ಪುನೇರಳೆ ಸಾಲಿಗೆ ಹಾಕಿದೆವು. ರಂಜಕದ ಕಲ್ಲನ್ನು ನಮ್ಮ ದೇಶ ಹೆಚ್ಚಾಗಿ ಹೊರಗಿನಿಂದ ತರಿಸಿಕೊಳ್ಳುತ್ತದೆ, ರಂಜಕದ ಗೊಬ್ಬರ ಡಿಎಪಿಗೆ ನಾವು ಸಾಲು ನಿಲ್ಲುತ್ತೇವೆ. ಕೊಟ್ಟಿಗೆಯಿಂದ ಹರಿದು ಹೋಗುತ್ತಿದ್ದ ರಂಜಕ ಹೊಲಕ್ಕೇ ಮರಳುತ್ತದಲ್ಲ, ಅದು ನನಗೆ ಬಹಳ ಹಿಡಿಸಿತು. ನಿಮ್ಮ ಮಣ್ಣು ಮೊದಲೇ ಸುಣ್ಣದ ಮಣ್ಣಾಗಿದ್ದರೆ ಹಾಕಬೇಡಿ.

ಡ್ರಿಪ್ ಇರುವವರು ಧೈರ್ಯವಾಗಿ ತಗೊಳ್ಳಿ, ನಾನು ಮತ್ತೊಂದು ಸಲ ತುಂಬಿಸುತ್ತೇನೆ. ಮೀನು ಸಾಕುವವರು ಪಿಎಚ್ 8.5ರ ಒಳಗೆ ಬಂದದ್ದನ್ನು ಕಾಗದದಲ್ಲಿ ಕಣ್ಣಾರೆ ನೋಡುವ ತನಕ ಒಂದು ಬಿಂದಿಗೆ ನೀರನ್ನೂ ಹೊಂಡಕ್ಕೆ ಬಿಡಬೇಡಿ.