ಕಾರವಾರದ ಕನ್ನಡ ಆರಾಧನೆ: ಪ್ರಸಂಗ ಕೊನೆಯ ಬೆಂಚಿಗೆ ತಲುಪುತ್ತದೆಯೇ?

ಕಾರವಾರದ ಹೆದ್ದಾರಿ ಪಕ್ಕದ ಒಂದು ಚಿಕ್ಕ ಕ್ರೈಸ್ತ ಸಭೆಯ ಭಾನುವಾರದ ಆರಾಧನೆ ಇದು. ಬೆಳಿಗ್ಗೆ 9.30ಕ್ಕೆ ಶುರು, ಎರಡು ತಾಸು. ಹಾಡು, ಪ್ರಾರ್ಥನೆ, ಕಾಣಿಕೆ ಚೊಕ್ಕವಾಗಿ ನಡೆಯುತ್ತವೆ. ಅಳೆಯಬೇಕಾದದ್ದು ಪ್ರಸಂಗವನ್ನು, ಅಂದರೆ ಸತ್ಯವೇದದ (ಬೈಬಲಿನ) ವಚನ ಹಿಡಿದು ಮಾಡುವ ಉಪದೇಶವನ್ನು. ಸಾರುವವನಿಲ್ಲದೆ ಕೇಳುವುದು ಹೇಗೆ, ಕೇಳದೆ ನಂಬುವುದು ಹೇಗೆ ಎಂದು ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನೇ ಕೇಳುತ್ತಾನಲ್ಲ! ಅಲ್ಲಿ ಸಾರುವುದಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ರಾಜನ ಮಾತನ್ನು ಊರಿಗೆ ಕೂಗಿ ಹೇಳುವ ದೂತನದು. ‘ಡಂಗುರ ಸಾರು’ ಎನ್ನುವಾಗಿನ ನಮ್ಮ ‘ಸಾರು’ ಅದಕ್ಕೆ ಹೇಳಿ ಮಾಡಿಸಿದಂತಿದೆ. ಡಂಗುರದವನು ರಾಜನ ಮಾತಿಗೆ ತನ್ನದನ್ನು ಸೇರಿಸುವಂತಿಲ್ಲ, ಅದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಪ್ರಸಂಗ 45 ನಿಮಿಷ. ಕ್ಯಾಥೊಲಿಕರ ಬಲಿಪೂಜೆಯ ಪ್ರಬೋಧನೆ (ಅಲ್ಲಿನ ಪ್ರಸಂಗ) 8 ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಹೇಳಿದ್ದರು. ಆ ರೂಢಿಯವರಿಗೆ ಇದು ಉದ್ದ ಎನಿಸೀತು. ಉದ್ದ ತಪ್ಪಲ್ಲ, ಹಂಚಿಕೆ ತಪ್ಪಿದೆ. ಬೈತಖೋಲ್ ಬಂದರಿನ ಹೋಲಿಕೆ ಚೆನ್ನಾಗಿತ್ತು: ಬಿರುಗಾಳಿಯ ಎಚ್ಚರಿಕೆ ಸಮುದ್ರವನ್ನು ಶಾಂತ ಮಾಡುವುದಿಲ್ಲ, ಆದರೆ ಅದನ್ನು ಕೇಳಿ ನಂಬಿದವರ ದೋಣಿ ದಡಕ್ಕೆ ತಿರುಗುತ್ತದೆ. ಆದರೆ ದೋಣಿಗೇ 12 ನಿಮಿಷ ಹೋಗಿ, ಶಿಲುಬೆಗೂ ಪುನರುತ್ಥಾನಕ್ಕೂ ಕೊನೆಯ ಮೂರು ನಿಮಿಷ ಉಳಿಯಿತು. ಯೇಸುವೇ ಕರ್ತನೆಂದು ಬಾಯಿಂದ ಒಪ್ಪಿ, ದೇವರು ಅವನನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬಿದವನಿಗೆ ರಕ್ಷಣೆ ಎನ್ನುತ್ತದೆ ಪೌಲನ ಪತ್ರದ ಅದೇ ಅಧ್ಯಾಯದ 9ನೇ ವಚನ. ಸಾರಬೇಕಾದ ಸುದ್ದಿಯೇ ಅದು, ಸುವಾರ್ತೆ ಎನ್ನುವುದೂ ಅದನ್ನೇ.

ಪ್ರಸಂಗಿಗಳ ದೊಡ್ಡ ಗುಣ, ಶಬ್ದಗಳನ್ನು ಬಿಡಿಸಿ ಹೇಳುವುದು. ಹೊಸಬರ ಕಿವಿಗೆ ‘ರಕ್ಷಣೆ’ ಎಂದರೆ ಕಾಯಿಲೆ, ಸಾಲ, ಅಪಘಾತದಿಂದ ಕಾಪಾಡುವುದು. ‘ಪಾಪ’ ಎಂದರೆ ‘ಅಯ್ಯೋ ಪಾಪ’. ಸಭೆಯಲ್ಲಿ ಪಾಪ ಎಂದರೆ ದೇವರಿಗೆ ವಿರುದ್ಧವಾದ ನಡೆ, ರಕ್ಷಣೆ ಎಂದರೆ ಅದರಿಂದ ಬಿಡುಗಡೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವವರಿಗೆ ಸತ್ಯವೇದದ ಹಳೆಯ ಕನ್ನಡವೂ ತೊಡಕು. ‘ರಕ್ಷಣೆ’, ‘ಪಾಪ’ ಎಂಬ ಎರಡು ಶಬ್ದಗಳಿಗೆ ಪ್ರಸಂಗಿಗಳು ಕೊಟ್ಟ ಐದು ನಿಮಿಷ ಇಡೀ ಪ್ರಸಂಗದಲ್ಲೇ ಬೆಲೆಯುಳ್ಳದ್ದು.

ಹಾಳು ಮಾಡುತ್ತಿರುವುದು ಮೈಕು. ಹಾಡಿಗೆಂದು ಮಿಕ್ಸರ್‌ನಲ್ಲಿ ಹಾಕಿದ ಎಕೋ ಪ್ರಸಂಗದಲ್ಲೂ ಹಾಗೇ ಉಳಿಯುತ್ತದೆ. ವಾಕ್ಯದ ಬಾಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಕನ್ನಡದಲ್ಲಿ ಅರ್ಥ ಇರುವುದೇ ಬಾಲದಲ್ಲಿ. ‘ರಕ್ಷಣೆ ಬರುವುದು ನಮ್ಮ ಪುಣ್ಯಕ್ರಿಯೆಗಳಿಂದ ಅಲ್ಲ’ ಎಂದದ್ದರಲ್ಲಿ ಆ ‘ಅಲ್ಲ’ ಕೇಳಿಸದಿದ್ದರೆ, ಹಿಂದೆ ಕೂತವರು ಸುವಾರ್ತೆಗೆ ತದ್ವಿರುದ್ಧವಾದದ್ದನ್ನು ಮನೆಗೆ ಒಯ್ಯುತ್ತಾರೆ. ಇದು ಸಣ್ಣ ದೋಷವಲ್ಲ. ತಗಡಿನ ಮೇಲೆ ಮಳೆ ಹೊಡೆಯುವಾಗ ವಾಲ್ಯೂಮ್ ಏರಿಸುತ್ತಾರೆ, ಆಗ ಕುಂಯ್ ಎನ್ನುತ್ತದೆ. ಸ್ಪೀಕರ್‌ಗಳು ಪ್ರಸಂಗಪೀಠದ ಹಿಂದಿದ್ದು, ಅವುಗಳ ಸದ್ದು ಮತ್ತೆ ಮೈಕಿಗೇ ಹೊಗುವುದೇ ಕಾರಣ. ಎರಡನ್ನೂ ಪೀಠಕ್ಕಿಂತ ಮುಂದೆ ತಂದು ಬೆಂಚುಗಳ ಕಡೆ ತಿರುಗಿಸಿ, ತಲೆಗಿಂತ ತುಸು ಎತ್ತರದಲ್ಲಿಡಬೇಕು. ಹಾಡು ಮುಗಿದೊಡನೆ ಎಕೋ ಪೂರ್ತಿ ತೆಗೆದು, ಬಾಸ್ ಇಳಿಸಬೇಕು. ಮೈಕನ್ನು ಎದೆಯ ಹತ್ತಿರ ಹಿಡಿಯದೆ, ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ತುಸು ಓರೆಯಾಗಿ ಹಿಡಿಯಬೇಕು. ಇದಕ್ಕೆ ಹೊಸ ಸಾಮಾನು ಬೇಡ, ಶನಿವಾರ ಸಂಜೆ ಅರ್ಧ ತಾಸು ಸಾಕು. ಒಬ್ಬರು ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿದ್ದನ್ನು ಬರೆದುಕೊಂಡರೆ ಎಲ್ಲಿ ಮಾತು ಮುರಿಯುತ್ತದೆ ಎಂದು ಗೊತ್ತಾಗುತ್ತದೆ.

ಸದ್ಯಕ್ಕೆ ಹೋಗುವವರು ಮುಂದಿನ ಮೂರು ಸಾಲಿನೊಳಗೆ ಕೂರಿ. ಬಾಗಿಲಲ್ಲೇ ಸತ್ಯವೇದದ ಪ್ರತಿಗಳಿವೆ, ಪುಟ ತೆಗೆದುಕೊಡುವವರೂ ಇದ್ದಾರೆ. ಮುಗಿದ ಮೇಲೆ ಚಹಾ ಇರುತ್ತದೆ, ತಪ್ಪಿಸಿಕೊಳ್ಳಬೇಡಿ. ಓದುತ್ತಿರುವುದು ತಿಳಿಯುತ್ತದೋ ಎಂದು ಸತ್ಯವೇದದಲ್ಲಿ ಸುವಾರ್ತೆ ಸಾರುವ ಫಿಲಿಪ್ಪನು ರಥದಲ್ಲಿದ್ದ ಅಧಿಕಾರಿಯನ್ನು ಕೇಳಿದಂತೆ, ಸಭಾಪಾಲಕರು ಒಬ್ಬೊಬ್ಬರ ಬಳಿ ಬಂದು ಏನು ತಿಳಿಯಲಿಲ್ಲ ಎಂದು ಕೇಳುವುದು ಆಗಲೇ.