ಒಂದು ಸರ್ವರ್, ಹಲವು ಡೊಮೈನ್: ಪೋಸ್ಟ್‌ಫಿಕ್ಸ್, ಡವ್‌ಕಾಟ್, ಆರ್‌ಸ್ಪ್ಯಾಮ್‌ಡಿ ಎಷ್ಟರ ಮಟ್ಟಿಗೆ ನಂಬಬಹುದು?

ಘಟ್ಟದ ಮೇಲೆ ಶಿರಸಿಯ ಅಡಿಕೆ ವ್ಯಾಪಾರಿಯ ಡೊಮೈನ್ ಒಂದು, ಘಟ್ಟದ ಕೆಳಗೆ ಗೋಕರ್ಣದ ಹೋಮ್‌ಸ್ಟೇಯದು ಇನ್ನೊಂದು, ಕುಮಟಾದ ದವಾಖಾನೆಯದು ಮತ್ತೊಂದು, ಕಾರವಾರದ ಸಿಎ ಆಫೀಸಿನದು ಮಗದೊಂದು. ಇವೆಲ್ಲವುಗಳ ವೆಬ್‌ಸೈಟ್ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಮೇಲ್‌ಗೆ ಮಾತ್ರ ಅಕೌಂಟಿಗೆ ಇಷ್ಟೆಂದು ತಿಂಗಳ ಬಾಡಿಗೆ. ಅಕೌಂಟು ನಲವತ್ತು ದಾಟಿದರೆ ಆ ಬಾಡಿಗೆಯೇ ಒಂದು ದೊಡ್ಡ ಖರ್ಚು. ಆಗ ಕಣ್ಣು ಬೀಳುವುದು ಈ ಮೂರು ಪುಕ್ಕಟೆ ಸಾಫ್ಟ್‌ವೇರ್‌ಗಳ ಮೇಲೆ: ಮೇಲ್ ತರುವ, ಒಯ್ಯುವ ಕೆಲಸಕ್ಕೆ ಪೋಸ್ಟ್‌ಫಿಕ್ಸ್, ಇಟ್ಟುಕೊಂಡು ಓದಿಸುವುದಕ್ಕೆ ಡವ್‌ಕಾಟ್, ಸ್ಪ್ಯಾಮ್ ಸೋಸುವುದಕ್ಕೆ ಆರ್‌ಸ್ಪ್ಯಾಮ್‌ಡಿ.

ತೀರ್ಪು ಮೊದಲೇ ಹೇಳಿಬಿಡೋಣ. ಪೋಸ್ಟ್‌ಫಿಕ್ಸ್‌ಗೆ ಐದಕ್ಕೆ ಐದು. ಡವ್‌ಕಾಟ್‌ಗೆ ನಾಲ್ಕು, ಅದೂ ಹೊಸ ಆವೃತ್ತಿ ಮಾಡಿದ ರಗಳೆಯಿಂದಾಗಿ. ಇಲ್ಲದಿದ್ದರೆ ಅದಕ್ಕೂ ಐದೇ. ಆರ್‌ಸ್ಪ್ಯಾಮ್‌ಡಿಗೆ ನಾಲ್ಕು. ಹತ್ತು ಅಕೌಂಟಿಗಿಂತ ಕಡಿಮೆ ಇರುವವರು ಈ ಉಸಾಬರಿಗೇ ಹೋಗಬೇಡಿ, ಬಾಡಿಗೆಯ ಮೇಲ್ ಸೇವೆಯೇ ಸೋವಿ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ನಿಜ. ವಾರಕ್ಕೊಮ್ಮೆ ಲಾಗ್ (ಸರ್ವರ್ ಬರೆದಿಡುವ ದಿನಚರಿ) ನೋಡುವ ಮನುಷ್ಯನ ಹೊತ್ತಿಗೆ ಬೆಲೆ ಇದೆ.

ಮುಂದೆ ಬರುವ ಸೆಟ್ಟಿಂಗ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಫೈಲಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಸರ್ವರನ್ನು ಆಫೀಸಿನ ಮೂಲೆಯಲ್ಲಿ ಇಡುವ ಯೋಚನೆ ಬೇಡ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದೊಂದೇ ಇದಕ್ಕೆ ಕಾರಣವಲ್ಲ. ಸರ್ವರ್ ಎರಡು ದಿನ ಮಲಗಿದರೂ ಬರಬೇಕಾದ ಮೇಲ್ ಸಾಮಾನ್ಯವಾಗಿ ಕಳೆಯುವುದಿಲ್ಲ; ಕಳಿಸುವ ಕಡೆಯ ಸರ್ವರ್ ಅದನ್ನು ಸರತಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ, ಪೋಸ್ಟ್‌ಫಿಕ್ಸ್ ಆದರೆ 5 ದಿನ. ನಿಜವಾದ ತೊಡಕು ಬೇರೆ. ಮನೆ ಬ್ರಾಡ್‌ಬ್ಯಾಂಡಿನ ಐಪಿ ಆಗಾಗ ಬದಲಾಗುತ್ತದೆ, ಮೇಲ್ ಹೊರಹೋಗುವ 25ನೇ ಪೋರ್ಟ್ ಬಹುಮಟ್ಟಿಗೆ ಮುಚ್ಚಿರುತ್ತದೆ, ಆ ಐಪಿ ಯಾವ ಹೆಸರಿನದೆಂದು ಹೇಳುವ ಪಿಟಿಆರ್ ದಾಖಲೆ ನಮ್ಮ ಕೈಲಿರುವುದಿಲ್ಲ. ಮೇಲಾಗಿ ಅಂಥ ಐಪಿಗಳನ್ನು ಸ್ಪ್ಯಾಮ್ ತಡೆಗೆ ಕಪ್ಪುಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿ ಮೊದಲೇ ಗುರುತು ಹಾಕಿಟ್ಟಿರುತ್ತದೆ. ಹಾಗಾಗಿ ಮುಂಬೈಯಲ್ಲೋ ಬೆಂಗಳೂರಲ್ಲೋ ಒಂದು ವಿಪಿಎಸ್, ಅಂದರೆ ಬಾಡಿಗೆಯ ವರ್ಚುಯಲ್ ಸರ್ವರ್. ಆದರೆ ವರ್ಷದ ದುಡ್ಡು ಒಮ್ಮೆಗೇ ಕಟ್ಟಬೇಡಿ. ಮೊದಲು ಒಂದು ತಿಂಗಳಿಗೆ ತೆಗೆದುಕೊಂಡು, ಆ ಐಪಿ ಯಾವ ಕಪ್ಪುಪಟ್ಟಿಯಲ್ಲಿದೆ, ಪಿಟಿಆರ್ ಬದಲಿಸಲು ಬಿಡುತ್ತಾರೋ, ಹೊರಕ್ಕೆ 25 ತೆರೆದಿದೆಯೋ ನೋಡಿ. ಜಿಮೇಲ್‌ನ ಎಂಎಕ್ಸ್ (ಮೇಲ್ ಸ್ವೀಕರಿಸುವ) ಸರ್ವರಿಗೆ 25ರಲ್ಲಿ ಟೆಲ್‌ನೆಟ್ ಮಾಡಿ. 220 ಎಂದು ಉತ್ತರ ಬಂದರೆ ಸರಿ, ಸುಮ್ಮನೆ ನಿಂತುಬಿಟ್ಟರೆ ಪೋರ್ಟ್ ಮುಚ್ಚಿದೆ. ಹೊಸ ಗಿರಾಕಿಗೆ ಅದನ್ನು ಮುಚ್ಚಿಯೇ ಕೊಡುವ ಕಂಪನಿಗಳು ಬಹಳ.

ಈಗ ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಐಬಿಎಮ್‌ನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಿಟ್ಟ ಇದರ ಗುಣವೆಂದರೆ, ತಪ್ಪು ಮಾಡಿದರೆ ಲಾಗಿನಲ್ಲಿ ನೇರವಾಗಿ ಬೈಯುತ್ತದೆ. ಹಲವು ಡೊಮೈನ್ ಹೊರುವವರಿಗೆ ಮೊದಲು ಸಿಗುವ ಬೈಗುಳ ಇದು: ಒಂದೇ ಡೊಮೈನನ್ನು ಮೈಡೆಸ್ಟಿನೇಶನ್‌ನಲ್ಲೂ ವರ್ಚುಯಲ್ ಮೇಲ್‌ಬಾಕ್ಸ್ ಡೊಮೈನ್ಸ್‌ನಲ್ಲೂ ಹಾಕಬೇಡ. ಮೈಡೆಸ್ಟಿನೇಶನ್ ಎಂದರೆ ಲಿನಕ್ಸ್ ಯೂಸರ್‌ಗಳೇ ಅಂಚೆಪೆಟ್ಟಿಗೆಗಳಾಗಿರುವ ಹಳೇ ಪದ್ಧತಿ. ಅಲ್ಲಿ ಲೋಕಲ್‌ಹೋಸ್ಟ್ (ಸರ್ವರ್ ತನ್ನನ್ನೇ ಕರೆದುಕೊಳ್ಳುವ ಹೆಸರು) ಒಂದೇ ಬಿಡಿ. ಗಿರಾಕಿಗಳ ಡೊಮೈನ್‌ಗಳೆಲ್ಲ ವರ್ಚುಯಲ್ ಪಟ್ಟಿಗೆ ಹೋಗಲಿ. ವರ್ಚುಯಲ್ ಟ್ರಾನ್ಸ್‌ಪೋರ್ಟ್ ಡವ್‌ಕಾಟ್‌ನ ಎಲ್‌ಎಂಟಿಪಿ ಸಾಕೆಟ್ಟಿಗೆ (ಬಂದ ಮೇಲ್ ಡವ್‌ಕಾಟ್‌ಗೆ ಒಪ್ಪಿಸುವ ಕಿಂಡಿಗೆ) ತೋರಿಸಲಿ. ಐವತ್ತು ಅಕೌಂಟಿನ ತನಕ ಡೇಟಾಬೇಸ್ ಬೇಕಿಲ್ಲ, ಪಠ್ಯ ಫೈಲುಗಳೇ ಸಾಕು. ಫೈಲು ತಿದ್ದಿದ ಮೇಲೆ ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಆಜ್ಞೆ ಓಡಿಸಲು ಮರೆತು, ಹೊಸ ಅಕೌಂಟಿಗೆ ಮೇಲ್ ಬರುತ್ತಿಲ್ಲವೆಂದು ಡಿಎನ್ಎಸ್ (ಡೊಮೈನ್ ಹೆಸರುಗಳ ವಿಳಾಸಪುಸ್ತಕ) ಕೆದಕುವುದು ಮಾತ್ರ ಎಲ್ಲರೂ ಮಾಡುವ ತಪ್ಪು.

ಕ್ಯಾಚ್‌ಆಲ್ (ಡೊಮೈನಿನ ಯಾವ ಹೆಸರಿಗೆ ಬರೆದರೂ ಒಂದೇ ಪೆಟ್ಟಿಗೆಗೆ ಬೀಳುವ ವ್ಯವಸ್ಥೆ) ಬೇಕೆಂದು ಗಿರಾಕಿ ಹಟ ಹಿಡಿದರೆ ಜಾಗ್ರತೆ. ಒಂದು ವಿಳಾಸದ ಮೇಲ್ ಇನ್ನೊಂದಕ್ಕೆ ತಿರುಗಿಸುವ ಏಲಿಯಾಸ್ ನಕ್ಷೆಯಲ್ಲಿ ಇಡೀ ಡೊಮೈನನ್ನು ಇನ್ಫೋ ಅಕೌಂಟಿಗೆ ತಿರುಗಿಸಿದಿರೋ, ಅಕೌಂಟ್ಸ್, ಬುಕಿಂಗ್ ಎಂದು ನಿಜವಾಗಿ ಇರುವ ಪೆಟ್ಟಿಗೆಗಳ ಮೇಲ್ ಕೂಡ ಇನ್ಫೋಗೇ ಹೋಗಿ ಬೀಳುತ್ತದೆ. ಪೆಟ್ಟಿಗೆ ಇದೆಯೋ ಇಲ್ಲವೋ ನೋಡುವುದಕ್ಕೆ ಮೊದಲೇ ಏಲಿಯಾಸ್ ಕೆಲಸ ಮುಗಿಸಿರುತ್ತದೆ. ಪರಿಹಾರ ನೋಡಲು ಪೆದ್ದು, ಆದರೆ ಸರಿ: ಇರುವ ಪ್ರತಿ ವಿಳಾಸವನ್ನೂ ಅದೇ ವಿಳಾಸಕ್ಕೆ ತಿರುಗಿಸುವ ಒಂದೊಂದು ಸಾಲು ಅದೇ ನಕ್ಷೆಯಲ್ಲಿ ಬರೆಯಬೇಕು. ನಮ್ಮ ಸಲಹೆ ಕೇಳಿದರೆ, ಕ್ಯಾಚ್‌ಆಲ್ ಸ್ಪ್ಯಾಮಿಗೆ ಹಾಸಿದ ಕಂಬಳಿ, ಬೇಡವೆನ್ನಿ.

ಇನ್ನೆರಡು ಸಣ್ಣವು. ಮೆಸೇಜ್ ಸೈಜ್ ಲಿಮಿಟ್ ಮೂಲದಲ್ಲಿ 1,02,40,000 ಬೈಟ್, ಅಂದಾಜು 10 ಎಂಬಿ. ಅಟ್ಯಾಚ್‌ಮೆಂಟ್ ಮೇಲ್‌ಗೆ ಸೇರುವಾಗ ಮೂರನೇ ಒಂದರಷ್ಟು ಊದಿಕೊಳ್ಳುತ್ತದೆ, ಹಾಗಾಗಿ 8 ಎಂಬಿಯ ಸ್ಕ್ಯಾನ್ ಪಿಡಿಎಫ್ ಕೂಡ ವಾಪಸ್. ಇದನ್ನು 5,24,28,800ಕ್ಕೆ ಏರಿಸಿ. ಫೈಲಿನಲ್ಲಿ ಅಲ್ಪವಿರಾಮ ಇಲ್ಲದೆ. ಎರಡನೆಯದು 2023ರ ಡಿಸೆಂಬರ್‌ನಲ್ಲಿ ಬಯಲಾದ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ಭಾಷೆ) ಸ್ಮಗ್ಲಿಂಗ್ ದೋಷ. ಒಂದು ಮೇಲ್‌ನ ಹೊಟ್ಟೆಯಲ್ಲಿ ಇನ್ನೊಂದನ್ನು ಬೇರೆಯವರ ಹೆಸರಲ್ಲಿ ನುಸುಳಿಸುವ ಆಟ ಅದು. ಪೋಸ್ಟ್‌ಫಿಕ್ಸ್ 3.9ರಿಂದ ತಡೆ ತಾನಾಗಿ ಇದೆ; ಡೆಬಿಯನ್ 12 ಲಿನಕ್ಸ್‌ನ 3.7 ಇದ್ದವರು ಎಸ್‌ಎಂಟಿಪಿಡಿ ಫರ್ಬಿಡ್ ಬೇರ್ ನ್ಯೂಲೈನ್ ಎಂಬುದಕ್ಕೆ ಯೆಸ್ ಎಂದು ಕೈಯಾರೆ ಬರೆಯಬೇಕು.

ಡವ್‌ಕಾಟ್ ದಿನನಿತ್ಯದ ಕೆಲಸದಲ್ಲಿ ಇದೆಯೆಂಬ ನೆನಪೂ ಬಾರದಷ್ಟು ಮೌನಿ. ವಿಮೇಲ್ ಎಂಬ ಒಬ್ಬನೇ ಯೂಸರ್, ಐಡಿ 5000, ಅವನ ಕೆಳಗೆ ಡೊಮೈನಿಗೊಂದು ಫೋಲ್ಡರ್, ಅದರೊಳಗೆ ಅಕೌಂಟಿಗೊಂದು. ಮೇಲ್‌ಡಿರ್ ರೂಪದಲ್ಲಿ ಒಂದು ಮೇಲ್‌ಗೆ ಒಂದು ಫೈಲು, ಆದ್ದರಿಂದ ಬದಲಾದ ಫೈಲನ್ನಷ್ಟೇ ನಕಲಿಸುವ ಆರ್‌ಸಿಂಕ್‌ನಲ್ಲಿ ಬ್ಯಾಕಪ್ ಸಲೀಸು. ಆದರೆ 2025ರಲ್ಲಿ ಬಂದ 2.4 ಆವೃತ್ತಿ ಹಳೆಯ ಕಾನ್ಫಿಗ್ ಫೈಲನ್ನು ಮೂಸಿಯೂ ನೋಡುವುದಿಲ್ಲ. ಡೆಬಿಯನ್ 12ರಿಂದ 13ಕ್ಕೆ ಹೋದವರಿಗೆ ಸರ್ವರ್ ರೀಸ್ಟಾರ್ಟ್ ಆದ ಮೇಲೆ ಡವ್‌ಕಾಟ್ ಏಳುವುದೇ ಇಲ್ಲ. ಮೊದಲ ಸಾಲಿನಲ್ಲಿ ಕಾನ್ಫಿಗ್ ಆವೃತ್ತಿ ಹೇಳಬೇಕು, ಮೇಲ್ ಲೊಕೇಶನ್ ಎಂಬ ಒಂದು ಸಾಲು ಮೇಲ್ ಡ್ರೈವರ್, ಮೇಲ್ ಪಾತ್ ಎಂದು ಎರಡಾಗಿದೆ, ಶೇಕಡಾ ಚಿಹ್ನೆಯ ಡಿ, ಎನ್ ಎಂಬ ಚುಟುಕು ಗುರುತುಗಳ ಜಾಗಕ್ಕೆ ಉದ್ದನೆಯ ಬರಹ ಬಂದಿದೆ. ಎರಡು ಸರ್ವರ್‌ಗಳ ನಡುವೆ ಪ್ರತಿ ಇಡುವ ರೆಪ್ಲಿಕೇಶನ್ ಸೌಲಭ್ಯವನ್ನು ತೆಗೆದೇ ಹಾಕಿದ್ದಾರೆ. ಬೇರೆ ವಿಪಿಎಸ್ಸಿನಲ್ಲಿ ಹೊಸ ಕಾನ್ಫಿಗ್ ಬರೆದು ಪರೀಕ್ಷಿಸದೆ ಅಪ್‌ಗ್ರೇಡ್ ಗುಂಡಿ ಒತ್ತಬೇಡಿ. ಒತ್ತಿಯಾಗಿದ್ದರೆ ಗಾಬರಿ ಬೇಡ, ಮೇಲ್ ಪೋಸ್ಟ್‌ಫಿಕ್ಸ್‌ನ ಸರತಿಯಲ್ಲಿ ಕೂತಿರುತ್ತದೆ. ಅದೇ 5 ದಿನ.

ಕನ್ನಡದವರಿಗೇ ತಾಗುವ ಒಂದು ಸಂಗತಿ ಇದೆ. ವಿಷಯದ ಸಾಲು ಕನ್ನಡದಲ್ಲಿದ್ದರೆ ಸಾಮಾನ್ಯವಾಗಿ ಅದು ಸಂಕೇತವಾಗಿ ಬರುತ್ತದೆ, ತೊಂದರೆಯಿಲ್ಲ. ವಿಳಾಸವೇ ಕನ್ನಡ ಅಕ್ಷರದಲ್ಲಿದ್ದರೆ, ಅಥವಾ ಹೆಡರಿನಲ್ಲಿ ಹಸಿ ಯೂನಿಕೋಡ್ ಬಂದರೆ, ಅಂಥ ಅಕ್ಷರ ಒಯ್ಯುವ ಎಸ್‌ಎಂಟಿಪಿ ಯುಟಿಎಫ್8 ವಿಸ್ತರಣೆ ಬೇಕು. ಪೋಸ್ಟ್‌ಫಿಕ್ಸ್‌ಗೆ 3.0ರಿಂದಲೂ ಅದು ಗೊತ್ತು, ಡವ್‌ಕಾಟ್ 2.3ರ ಎಲ್‌ಎಂಟಿಪಿಗೆ ಗೊತ್ತಿಲ್ಲ. ಮುಂಬಾಗಿಲಲ್ಲಿ ಒಳಗೆ ಬಿಟ್ಟ ಮೇಲ್ ನಡುಮನೆಯಲ್ಲಿ ಬೌನ್ಸ್ ಆಗುತ್ತದೆ. ಹಾಗಾಗಿ ಎಸ್‌ಎಂಟಿಪಿಯುಟಿಎಫ್8 ಎನೇಬಲ್ ಎಂಬುದನ್ನು ನೋ ಮಾಡುವುದೇ ದಾರಿ. ಕನ್ನಡ ವಿಳಾಸ ಬೇಕೆಂಬ ಗಿರಾಕಿಗೆ ಈ ಜೋಡಿ ಒಪ್ಪುವುದಿಲ್ಲ, ಬೇಸರದ ಮಾತೇ.

ಆರ್‌ಸ್ಪ್ಯಾಮ್‌ಡಿಯ ನಡೆ ಶಿರಸಿ ಪೇಟೆಯ ಅಡಿಕೆ ವಿಂಗಡಣೆಯಂಥದು. ಚಾಲಿ, ರಾಶಿ, ಬೆಟ್ಟೆ, ಗೋಟು ಎಂದು ದರ್ಜೆ ಕಟ್ಟುವ ಹಾಗೆ ಪ್ರತಿ ಮೇಲ್‌ಗೂ ಅಂಕ ಕಟ್ಟುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ 4 ಅಂಕ ದಾಟಿದರೆ ಗ್ರೇಲಿಸ್ಟ್, ಅಂದರೆ ‘ಆಮೇಲೆ ಬಾ’ ಎಂದು ವಾಪಸ್. 6 ದಾಟಿದರೆ ಸ್ಪ್ಯಾಮ್ ಗುರುತು. 15 ದಾಟಿದರೆ ಬಾಗಿಲಲ್ಲೇ ತಿರಸ್ಕಾರ. ಈ ಅಂಕಗಳನ್ನು ಮೊದಲ ತಿಂಗಳು ಮುಟ್ಟಬೇಡಿ. ಇದೇ ಕೆಲಸದ ಹಳೆಯ ಸಾಫ್ಟ್‌ವೇರ್ ಪೋಸ್ಟ್‌ಗ್ರೇ ಹೊಸಬರನ್ನೆಲ್ಲ ಕಾಯಿಸುತ್ತಿತ್ತು, ಇದು ಅನುಮಾನ ಬಂದವರನ್ನಷ್ಟೇ 5 ನಿಮಿಷ ಕಾಯಿಸುತ್ತದೆ. ಆದರೂ ಡಿಕೆಐಎಂ (ಮೇಲ್ ಆ ಡೊಮೈನಿನದೇ ಎಂಬ ಡಿಜಿಟಲ್ ಸಹಿ) ಸರಿಯಿಲ್ಲದ ಯಾವುದೋ ಪೋರ್ಟಲಿನ ಒಟಿಪಿ ಸಿಕ್ಕಿಹಾಕಿಕೊಂಡರೆ, ತಲುಪುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ರಿಟರ್ನ್ ತುಂಬುವ ಕೊನೇ ದಿನ ಸಿಎ ಆಫೀಸಿನ ಕೂಗು ಕೇಳುವುದಕ್ಕಿಂತ ಅವರ ಡೊಮೈನಿಗೆ ಗ್ರೇಲಿಸ್ಟ್ ತೆಗೆದಿಡುವುದು ಮೇಲು.

ಹಾಕುವುದು ಕಷ್ಟವಲ್ಲ. ಲೆಕ್ಕ ನೆನಪಿಡಲು ರೆಡಿಸ್ ಎಂಬ ಡೇಟಾಬೇಸ್ ಬೇಕು. ಪೋಸ್ಟ್‌ಫಿಕ್ಸ್‌ನ ಮಿಲ್ಟರ್ (ಮೇಲ್ ತಪಾಸಣೆಗೆ ಕಳಿಸುವ) ಸಾಲಿನಲ್ಲಿ ಲೋಕಲ್‌ಹೋಸ್ಟ್‌ನ 11332ನೇ ಪೋರ್ಟ್. ವೆಬ್ ಪರದೆ 11334ರಲ್ಲಿ, ಅದನ್ನು ಹೊರಗಿನ ಜಗತ್ತಿಗೆ ತೆರೆಯಬೇಡಿ. ಬದಲಾವಣೆಗಳನ್ನೆಲ್ಲ ಲೋಕಲ್.ಡಿ ಫೋಲ್ಡರಿನಲ್ಲೇ ಬರೆಯಿರಿ, ಮೂಲ ಫೈಲು ಮುಟ್ಟಿದರೆ ಮುಂದಿನ ಅಪ್‌ಡೇಟಿನಲ್ಲಿ ಗೋಳು. ಮಿಲ್ಟರ್ ಡಿಫಾಲ್ಟ್ ಆ್ಯಕ್ಷನ್ ಅನ್ನು ಆ್ಯಕ್ಸೆಪ್ಟ್ ಮಾಡಿಟ್ಟರೆ ಆರ್‌ಸ್ಪ್ಯಾಮ್‌ಡಿ ಮಲಗಿದ್ದರೂ ಮೇಲ್ ಬರುತ್ತದೆ, ಸ್ಪ್ಯಾಮ್ ಸಮೇತ. ಒಂದನ್ನು ಅದು ತಾನಾಗಿ ಮಾಡುವುದಿಲ್ಲ: 6 ದಾಟಿದ ಮೇಲ್‌ಗೆ ಎಕ್ಸ್-ಸ್ಪ್ಯಾಮ್ ಎಂಬ ಹೆಡರ್ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಜಂಕ್ ಫೋಲ್ಡರಿಗೆ ಒಯ್ಯುವುದು ಡವ್‌ಕಾಟ್‌ನ ಸೀವ್ ಜರಡಿಯ ಕೆಲಸ. ಎಲ್ಲ ಅಕೌಂಟಿಗೂ ಅನ್ವಯವಾಗುವ ನಿಯಮ ನೀವೇ ಬರೆಯಬೇಕು. ‘ಫಿಲ್ಟರ್ ಹಾಕಿದರೂ ಸ್ಪ್ಯಾಮ್ ಇನ್‌ಬಾಕ್ಸಿಗೇ ಬರ್ತದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಇದಕ್ಕಿಂತ ಗುಟ್ಟಾಗಿ ಕೆಡುವುದು ಡಿಎನ್ಎಸ್. ಸರ್ವರ್ 8.8.8.8ರಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಬಳಸುತ್ತಿದ್ದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ, 127.255.255.254 ಎಂಬ ಸಂಕೇತ ಕಳಿಸುತ್ತದೆ. ಆರ್‌ಸ್ಪ್ಯಾಮ್‌ಡಿ ಆ ಸಂಕೇತ ಗುರುತಿಸಿ ಅಂಕ ಕೊಡದೆ ಬಿಡುತ್ತದೆ, ಸ್ಪ್ಯಾಮ್ ಸರಾಗ ಒಳಬರುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲೇ ನೇರ ಆರ್‌ಬಿಎಲ್ (ಕಪ್ಪುಪಟ್ಟಿ) ತಪಾಸಣೆ ಹಾಕಿದ್ದರೆ ಕತೆ ಉಲ್ಟಾ: 127ರಿಂದ ಶುರುವಾಗುವ ಯಾವ ಉತ್ತರವಾದರೂ ಕಪ್ಪುಪಟ್ಟಿ ಎಂದೇ ತಿಳಿದು ಬಂದ ಮೇಲನ್ನೆಲ್ಲ ಒದೆಯುತ್ತದೆ. ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಸ್ವಂತ ರಿಸಾಲ್ವರ್ ಹಾಕಿ 127.0.0.1ಕ್ಕೆ ತಿರುಗಿಸಿದರೆ ಎರಡೂ ರೋಗಕ್ಕೆ ಮದ್ದಾಯಿತು.

ಹಳೆಯ ಮೇಲ್ ನೋಡಿ ಸ್ಪ್ಯಾಮ್ ಗುರುತಿಸುವ ಬೇಯಸ್ ಕಲಿಕೆಗೆ ತಾಳ್ಮೆ ಬೇಕು. ಒಳ್ಳೆಯ ಮೇಲ್ 200, ಸ್ಪ್ಯಾಮ್ 200 ಕಲಿಸುವ ತನಕ ಅದು ಬಾಯಿ ಬಿಡುವುದಿಲ್ಲ. ಅಡಿಕೆ ಧಾರಣೆ, ಟೆಂಡರ್, ಕನ್ನಡದ ಪತ್ರ ಇರುವ ಹಳೆಯ ಇನ್‌ಬಾಕ್ಸುಗಳನ್ನೇ ಆರ್‌ಸ್ಪ್ಯಾಮ್‌ಸಿ ಆಜ್ಞೆಯ ಮೂಲಕ ಉಣಿಸಿ. ಹೋಮ್‌ಸ್ಟೇಗಳಿಗೆ ಬರುವ ನಕಲಿ ಬುಕಿಂಗ್ ದೂರುಗಳಂಥವನ್ನು ಹಿಡಿಯಲು ಈ ಸ್ಥಳೀಯ ಪಾಠವೇ ಉಪಯೋಗ. ಜಂಕ್‌ಗೆ ಎಳೆದರೆ ಸ್ಪ್ಯಾಮ್, ಜಂಕ್‌ನಿಂದ ಹೊರತೆಗೆದರೆ ಒಳ್ಳೆಯದು ಎಂದು ಕಲಿಯುವಂತೆ ಡವ್‌ಕಾಟ್‌ನ ಐಮ್ಯಾಪ್‌ಸೀವ್ ಜೋಡಿಸಬಹುದು. ಆದರೆ ಜಂಕ್‌ನಿಂದ ಟ್ರ್ಯಾಶ್‌ಗೆ ಹೋಗುವುದನ್ನು ನಿಯಮದಿಂದ ಹೊರಗಿಡಿ. ಇಲ್ಲದಿದ್ದರೆ ಜನ ಸ್ಪ್ಯಾಮ್ ಅಳಿಸಿದಷ್ಟೂ ಅದು ‘ಇವು ಒಳ್ಳೆಯ ಮೇಲ್’ ಎಂದು ಕಲಿಯುತ್ತಾ ಹೋಗುತ್ತದೆ.

ಹೊರಹೋಗುವ ಮೇಲ್‌ನದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ. ಎಲ್ಲ ಡೊಮೈನಿಗೂ ಐಪಿ ಒಂದೇ. ಹೋಮ್‌ಸ್ಟೇಯ ಮ್ಯಾನೇಜರ್ ಊರ ಹೆಸರಿನ ಮುಂದೆ 123 ಸೇರಿಸಿ ಪಾಸ್‌ವರ್ಡ್ ಇಟ್ಟು, ಅದು ಕಳ್ಳರ ಕೈಗೆ ಸಿಕ್ಕಿ ರಾತ್ರೋರಾತ್ರಿ ಸಾವಿರಾರು ಮೇಲ್ ಹೋದರೆ, ಮರುದಿನ ಕುಮಟಾದ ದವಾಖಾನೆಯ ಮೇಲ್ ಜಿಮೇಲ್‌ನ ಸ್ಪ್ಯಾಮಿಗೆ ಬೀಳುತ್ತದೆ. ಎರಡು ಬೇಲಿ ಕಡ್ಡಾಯ. ಒಂದು, ಆರ್‌ಸ್ಪ್ಯಾಮ್‌ಡಿಯ ರೇಟ್‌ಲಿಮಿಟ್. ಲಾಗಿನ್ ಆದ ಯೂಸರಿಗೆ ಗಂಟೆಗೆ 100 ಸಾಕು. ಇನ್ನೊಂದು, ಸೆಂಡರ್ ಲಾಗಿನ್ ಮ್ಯಾಪ್ಸ್ ಜೊತೆಗೆ ರಿಜೆಕ್ಟ್ ಸೆಂಡರ್ ಲಾಗಿನ್ ಮಿಸ್‌ಮ್ಯಾಚ್. ಇದಿಲ್ಲದಿದ್ದರೆ ಒಂದು ಡೊಮೈನಿನವರು ಇನ್ನೊಂದರ ಹೆಸರಲ್ಲಿ ಮೇಲ್ ಕಳಿಸಬಹುದು.

ಡಿಕೆಐಎಂ ಸಹಿಯನ್ನು ಆರ್‌ಸ್ಪ್ಯಾಮ್‌ಡಿಯೇ ಹಾಕುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಕೀ ಫೈಲಿಗೆ ಡೊಮೈನ್ ಹೆಸರು, ಚುಕ್ಕಿ, ಸೆಲೆಕ್ಟರ್ (ಆ ಕೀಗೆ ಇಟ್ಟ ಗುರುತಿನ ಹೆಸರು), ಕೊನೆಗೆ ಚುಕ್ಕಿ ಕೀ ಎಂಬ ಕ್ರಮದಲ್ಲಿ ಹೆಸರಿಟ್ಟು ಅದರ ಡಿಕೆಐಎಂ ಫೋಲ್ಡರಿಗೆ ಹಾಕಿದರೆ ಹೊಸ ಡೊಮೈನ್ ಸೇರಿದಂತೆಯೇ. ಫೈಲು ಓದುವ ಅನುಮತಿ ಅದರ ಯೂಸರಿಗೆ ಇದೆಯೋ ನೋಡಿ. 2048 ಬಿಟ್ ಕೀ 255 ಅಕ್ಷರಕ್ಕಿಂತ ಉದ್ದ, ಡಿಎನ್ಎಸ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ ಎರಡು ತುಂಡು ಮಾಡಿ ಹಾಕಬೇಕು. ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆ ಡೊಮೈನಿಗೆ ಒಂದೇ ಇರಬೇಕು. ಹಳೆಯ ಹೋಸ್ಟಿಂಗಿನವರು ಹಾಕಿದ್ದು ಉಳಿದು ಎರಡಾದರೆ ಎರಡೂ ವ್ಯರ್ಥ. ಅದರೊಳಗಿನ ಡಿಎನ್ಎಸ್ ಹುಡುಕಾಟ 10 ಮೀರಿದರೂ ಅಷ್ಟೇ. ಜಿಮೇಲ್ 2024ರ ಫೆಬ್ರವರಿಯಿಂದ, ದಿನಕ್ಕೆ 5000 ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಇವೆರಡೂ ತಪ್ಪಿದರೆ ಏನು ಮಾಡಬೇಕೆಂಬ ನೀತಿ) ಮೂರನ್ನೂ ಕೇಳುತ್ತದೆ. ಅಷ್ಟು ಕಳಿಸದವರೂ ಮೂರನ್ನೂ ಹಾಕಿಬಿಡಿ. ‘ನನ್ನ ಮೇಲ್‌ಗಳನ್ನೆಲ್ಲ ಜಿಮೇಲಿಗೆ ಫಾರ್ವರ್ಡ್ ಮಾಡಿ’ ಎನ್ನುವವರಿಗೆ ಫೋನಿನಲ್ಲಿ ಐಮ್ಯಾಪ್ (ನಮ್ಮ ಸರ್ವರಿನ ಪೆಟ್ಟಿಗೆಯನ್ನೇ ಓದುವ ವಿಧಾನ) ಹಾಕಿಕೊಡಿ. ಫಾರ್ವರ್ಡ್‌ನಲ್ಲಿ ಎಸ್‌ಪಿಎಫ್ ಮುರಿಯುತ್ತದೆ. ಕಳಿಸಿದವರ ವಿಳಾಸ ತಿದ್ದಿ ಬರೆಯುವ ಪೋಸ್ಟ್‌ಎಸ್‌ಆರ್‌ಎಸ್‌ಡಿ ಹಾಕಿ ಅದನ್ನು ಸರಿಮಾಡಿದರೂ, ಅವರಿಗೆ ಬಂದ ಸ್ಪ್ಯಾಮನ್ನು ನಮ್ಮ ಐಪಿಯೇ ಹೊತ್ತು ಜಿಮೇಲ್‌ಗೆ ಮುಟ್ಟಿಸಿದಂತಾಗುತ್ತದೆ.

ಸಂಪರ್ಕ ಗುಪ್ತವಾಗಿಡುವ ಸರ್ಟಿಫಿಕೇಟ್ ಡೊಮೈನಿಗೊಂದು ಬೇಕಿಲ್ಲ. ಎಲ್ಲ ಎಂಎಕ್ಸ್ ದಾಖಲೆಗಳೂ ಒಂದೇ ಹೋಸ್ಟ್ ಹೆಸರಿಗೆ ತೋರಿಸಲಿ, ಫೋನಿನಲ್ಲೂ ಅದೇ ಹೆಸರು ಹಾಕಲಿ. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ ಹೊಸದಾದ ಮೇಲೂ ಡವ್‌ಕಾಟ್ ರೀಲೋಡ್ ಆಗುವ ತನಕ ಹಳೆಯದನ್ನೇ ಹಿಡಿದು ಕೂತಿರುತ್ತದೆ, ಆದ್ದರಿಂದ ರೀಲೋಡ್ ಆಜ್ಞೆಯನ್ನು ಸರ್ಟಿಫಿಕೇಟ್ ಹೊಸದು ಮಾಡುವ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ ಇಡಿ.

ಇಷ್ಟೆಲ್ಲವನ್ನೂ 2 ಜಿಬಿ ರ‍್ಯಾಮ್ ಹೊರುತ್ತದೆ. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಸೇರಿಸಿದರೆ ಅದೊಂದೇ 1 ಜಿಬಿಗಿಂತ ಹೆಚ್ಚು ನುಂಗುತ್ತದೆ. ಸಾಮಾನ್ಯ ಕಚೇರಿಗೆ ಅದರ ಬದಲು ಇಎಕ್ಸ್‌ಇ, ಜೆಎಸ್‌ನಂಥ ಅಟ್ಯಾಚ್‌ಮೆಂಟುಗಳನ್ನೇ ನಿಷೇಧಿಸಿದರೆ ನಡೆಯುತ್ತದೆ. ಇದೇ ಮೂರನ್ನು ಡಾಕರ್ ಪೊಟ್ಟಣಗಳಲ್ಲಿ ಕಟ್ಟಿ ಚೆಂದದ ಪರದೆ ಸಮೇತ ಕೊಡುವ ಮೇಲ್‌ಕೌ ಕೂಡ ಇದೆ. ಅವರೇ ಹೇಳುವ ಕನಿಷ್ಠ 6 ಜಿಬಿ ರ‍್ಯಾಮ್, ಅಂದರೆ ವಿಪಿಎಸ್ ಬಾಡಿಗೆ ಜಾಸ್ತಿ. ಆದರೆ ಅಂಗಡಿಯ ಹುಡುಗನೇ ಪಾಸ್‌ವರ್ಡ್ ಬದಲಿಸಿಕೊಡಬೇಕು, ಟರ್ಮಿನಲ್ ಮುಟ್ಟಬಾರದು ಎಂದಿದ್ದರೆ ಆ ಹೆಚ್ಚಿನ ದುಡ್ಡು ದಂಡವಲ್ಲ.